ಕಿಂಡಲ್ ಪೇಪರ್‌ವೈಟ್: ನುಡಿ ನೋಟ್ಸ್‌ನಿಂದ ಡೆಮಿ ಪುಸ್ತಕದವರೆಗೆ

ಅಮೆಜಾನ್‌ನ ಇ-ಪುಸ್ತಕ ಓದುವ ಯಂತ್ರ ಕಿಂಡಲ್ ಬಗ್ಗೆ ತುಮಕೂರಲ್ಲಿ ವಿಚಾರಿಸುವವರು ಹೆಚ್ಚಾಗಿ ಎರಡು ಬಗೆಯವರು. ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತಿ ಸಂಜೆ ವಾಪಸಾಗುವವರು ಒಂದು ಕಡೆ. ಕೆಎಎಸ್, ಎಫ್‌ಡಿಎ ಅಂತ ಓದುತ್ತ, ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್ ನೋಟ್ಸನ್ನು ಫೋನಿನಲ್ಲೇ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡವರು ಇನ್ನೊಂದು ಕಡೆ. ಇಬ್ಬರಿಗೂ ಬೇಕಿರುವುದು ಕನ್ನಡ. ಡಬ್ಬದ ಮೇಲಿರುವುದು 7 ಇಂಚಿನ ಪರದೆ, 300 ಪಿಪಿಐ (ಇಂಚಿಗೆ ಅಷ್ಟು ಚುಕ್ಕೆ), 16 ಜಿಬಿ. ಕನ್ನಡದ ಸುದ್ದಿ ಅಲ್ಲಿಲ್ಲ.

ಇಲ್ಲಿ ಹೇಳುತ್ತಿರುವುದು 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದ 12ನೇ ತಲೆಮಾರಿನ ಪೇಪರ್‌ವೈಟ್ ಬಗ್ಗೆ. ಬಿಡುಗಡೆಯ ಬೆಲೆ 16,999 ರೂಪಾಯಿ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕ ಮಾರಲು ಶುರು ಮಾಡಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ಅಂದಿನಿಂದ ಕನ್ನಡ ಓದುಗ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗಬೇಕಾದ ಗಿರಾಕಿ. ಇಂಗ್ಲಿಷ್ ಓದುವವರಿಗೆ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಅನ್ನಿಸುವ ಸೌಲಭ್ಯಗಳು, ಅಂದರೆ ಸ್ವಂತ ಫಾಂಟ್, ನಮ್ಮ ಫೈಲು ಕಳಿಸುವ ಸೆಂಡ್ ಟು ಕಿಂಡಲ್, ಅಕ್ಷರದ ಜೋಡಣೆ ಉಳಿಸುವ ಥೀಮ್, ಗೆರೆ ಎಳೆದ ಸಾಲು ಕೂಡಿಡುವ ಕ್ಲಿಪಿಂಗ್ಸ್, ನಮಗೆ ಯಂತ್ರದ ಅಸಲು ಕೆಲಸ. ಅವು ಸರಿಯಾಗಿ ನಡೆದರೆ ದುಡ್ಡು ದಂಡವಲ್ಲ. ನಡೆಯದಿದ್ದರೆ ಹದಿನೇಳು ಸಾವಿರಕ್ಕೆ ಒಂದು ಒಳ್ಳೆಯ ಇಂಗ್ಲಿಷ್ ಪುಸ್ತಕದ ಕಪಾಟು ಸಿಕ್ಕಂತಾಯಿತು, ಅಷ್ಟೆ.

ಮೊದಲು ಆರು ಪದಗಳ ಪರೀಕ್ಷೆ

ಪುಸ್ತಕ ತುಂಬುವ ಮುಂಚೆ ಒಂದು ಪುಟದ ಫೈಲು ಮಾಡಿಕೊಳ್ಳಿ. ಅದರಲ್ಲಿ ಈ ಪದಗಳಿರಲಿ: ಸ್ತ್ರೀ, ರಾಷ್ಟ್ರ, ಕೃಷ್ಣ, ಜ್ಞಾನ, ಕಾರ್ಯ, ರ‍್ಯಾಂಕ್. ಮೊದಲ ನಾಲ್ಕರಲ್ಲಿ ಒತ್ತಕ್ಷರ ಕೆಳಗಿಳಿಯದೆ ಅರ್ಧಾಕ್ಷರಗಳು ಸಾಲಾಗಿ ನಿಂತರೆ ಆ ಫೈಲಿನ ರೂಪ ಅಥವಾ ಫಾಂಟ್ ಸರಿಯಿಲ್ಲ. 'ಕಾರ್ಯ'ದಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಬರಬೇಕು. 'ರ‍್ಯಾಂಕ್'ನಲ್ಲಿ ಬರಬಾರದು, ಪೂರ್ತಿ ರ ನಿಂತು ಕೆಳಗೆ ಯ ಒತ್ತು ಇರಬೇಕು. ಈ ಎರಡನೆಯದಕ್ಕೆ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಇರುತ್ತದೆ. ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವಾಗ ಮೊದಲು ಕಳೆದುಹೋಗುವುದೇ ಅದು. ಆರೂ ಪದ ಪಾಸಾದರೆ ಮುಂದಿನ ಮುನ್ನೂರು ಪುಟದ ಬಗ್ಗೆ ಚಿಂತೆಯಿಲ್ಲ.

ಹಳೆಯ ಮೊಬಿ ರೂಪದ ಫೈಲುಗಳು ಫಾಂಟನ್ನು ಒಳಗಿಟ್ಟುಕೊಳ್ಳಲಾರವು. ಯಾರಾದರೂ ಕನ್ನಡ ಮೊಬಿ ಕೊಟ್ಟರೆ ಬೇಡ ಅನ್ನಿ, ಇ-ಪುಸ್ತಕದ ಈಗಿನ ಸಾಮಾನ್ಯ ರೂಪವಾದ ಇಪಬ್ ಕೇಳಿ. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಇಪಬ್ ಅನ್ನು ಕಿಂಡಲ್ ರೂಪವಾದ ಎಜಡ್‌ಡಬ್ಲ್ಯು3 ಮಾಡುವಾಗ 'ಲುಕ್ ಅಂಡ್ ಫೀಲ್' ಒಳಗಿನ ಫಾಂಟ್ ಪುಟದಲ್ಲಿ 'ಎಂಬೆಡ್ ಫಾಂಟ್ ಫ್ಯಾಮಿಲಿ' ಅಂತ ಒಂದು ಜಾಗವಿದೆ. ಅಲ್ಲಿ ಕನ್ನಡ ಫಾಂಟ್ ಆರಿಸಿದರೆ ಅದು ಪುಸ್ತಕದ ಹೊಟ್ಟೆಯೊಳಗೇ ಹೋಗಿ ಕೂರುತ್ತದೆ. ಕಿಂಡಲ್‌ನಲ್ಲಿ ತೆರೆದ ಮೇಲೆ ಫಾಂಟ್ ಪಟ್ಟಿಯಲ್ಲಿ 'ಪಬ್ಲಿಷರ್ ಫಾಂಟ್' ಆರಿಸಬೇಕು.

ಫಾಂಟ್

ಪ್ರತಿ ಪುಸ್ತಕಕ್ಕೂ ಈ ಕೆಲಸ ಬೇಡ ಅನ್ನುವವರು ಫಾಂಟನ್ನು ಯಂತ್ರಕ್ಕೇ ಹಾಕಬಹುದು. ಯುಎಸ್‌ಬಿಯಲ್ಲಿ ಜೋಡಿಸಿ, ಫಾಂಟ್ಸ್ ಎಂಬ ಫೋಲ್ಡರ್‌ಗೆ ಟಿಟಿಎಫ್ ಅಥವಾ ಒಟಿಎಫ್ ಫೈಲು ಹಾಕಿ, ಕಿತ್ತರೆ ಮುಗಿಯಿತು. ಪುಸ್ತಕ ತೆರೆದು ಮೇಲಿನ ಅಕ್ಷರದ ಗುರುತು ಒತ್ತಿದರೆ ಪಟ್ಟಿಯಲ್ಲಿ ನಿಮ್ಮ ಫಾಂಟೂ ಇರುತ್ತದೆ.

ಜನ ಎಡವುವುದು ಇಲ್ಲೇ. ಗೂಗಲ್ ಫಾಂಟ್ಸ್‌ನಿಂದ ನೋಟೊ ಸೆರಿಫ್ ಕನ್ನಡ ಇಳಿಸಿ ಜಿಪ್ ಬಿಚ್ಚಿದರೆ ಎದುರಿಗೇ ಸಿಗುವುದು ವೇರಿಯಬಲ್ ಫಾಂಟ್, ಎಲ್ಲ ದಪ್ಪಗಳೂ ಒಂದೇ ಫೈಲಿನಲ್ಲಿರುವಂಥದ್ದು. ಅದನ್ನು ಬಿಡಿ. ಒಳಗೆ ಸ್ಟ್ಯಾಟಿಕ್ ಎಂಬ ಫೋಲ್ಡರ್ ಇದೆ, ಅದರಿಂದ ಮೀಡಿಯಂ ಮತ್ತು ಬೋಲ್ಡ್ ಎತ್ತಿಕೊಳ್ಳಿ. ರೆಗ್ಯುಲರ್ ಯಾಕಲ್ಲ ಅಂದರೆ, ಇ-ಇಂಕ್ ಪರದೆಯ ಕಪ್ಪು ಅಚ್ಚಿನ ಮಸಿಯಷ್ಟು ಗಾಢವಲ್ಲ, ತೆಳು ಗೆರೆಗಳು ಅಲ್ಲಿ ಬಾಡುತ್ತವೆ. ಹೊಟ್ಟೆ ಸೀಳಿದ ಧ, ಸೀಳದ ದ, ಹಾಗೆಯೇ ಢ ಮತ್ತು ಡ: ಇವುಗಳ ವ್ಯತ್ಯಾಸ ಬುಡದ ಒಂದು ಪುಟ್ಟ ಗೀಟು. ಅಕ್ಷರ ಸಣ್ಣದಾದರೆ ಮೊದಲು ಮಾಯವಾಗುವುದು ಆ ಗೀಟು. 167 ಪಿಪಿಐ ಇದ್ದ 2019ರ ಅಗ್ಗದ ಕಿಂಡಲ್‌ನಲ್ಲಿ ಇದು ನಿಜಕ್ಕೂ ತೊಂದರೆ ಕೊಡುತ್ತಿತ್ತು. 300ಕ್ಕೆ ಬಂದ ಮೇಲೆ ಮೀಡಿಯಂ ದಪ್ಪದಲ್ಲಿ ತಲೆನೋವಿಲ್ಲ. ಅದೇ ಗೂಗಲ್ ಸಂಗ್ರಹದ ಟಿರೊ ಕನ್ನಡ ಹಳೆಯ ಅಚ್ಚುಮೊಳೆಯ ಚಹರೆಯುಳ್ಳದ್ದು, ನೋಡಲು ಚೆಂದ, ಆದರೆ ತೆಳ್ಳಗಿದೆ. ಗಾತ್ರ ಎರಡು ಹೆಜ್ಜೆ ಏರಿಸಿ ಬಳಸಬೇಕು. ಗುಬ್ಬಿ ಅಂತಲೂ ಒಂದು ಮುಕ್ತ ಫಾಂಟ್ ಇದೆ. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನದೇನೋ ಅಂದುಕೊಳ್ಳಬೇಡಿ, ಅದರ ಜೋಡಿ ಫಾಂಟಿನ ಹೆಸರು ನವಿಲು.

ಸಾಲುಗಳ ಅಂತರವನ್ನು ಇಂಗ್ಲಿಷಿಗಿಂತ ಒಂದು ಹಂತ ಹೆಚ್ಚಿಡಿ. ಇಲ್ಲದಿದ್ದರೆ 'ರಾಷ್ಟ್ರ'ದ ಎರಡಂತಸ್ತಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಕುತ್ತದೆ. ಇವೆಲ್ಲ ಒಮ್ಮೆ ಹೊಂದಿದ ಮೇಲೆ ಅದೇ ಮೆನುವಿನ ಥೀಮ್ಸ್ ಭಾಗದಲ್ಲಿ ಈಗಿನ ಜೋಡಣೆಯನ್ನು 'ಕನ್ನಡ' ಅನ್ನುವ ಅರ್ಥದ ಯಾವುದಾದರೂ ಹೆಸರಲ್ಲಿ ಉಳಿಸಿ, ಇಂಗ್ಲಿಷಿಗೆ ಇನ್ನೊಂದು ಉಳಿಸಿ. ಪುಸ್ತಕ ಬದಲಿಸಿದಾಗಲೆಲ್ಲ ಫಾಂಟ್, ಅಂತರ, ಅಂಚು ಅಂತ ಮೂರು ಕಡೆ ಒತ್ತುವ ಬದಲು ಒಂದು ಕಡೆ ಒತ್ತಿದರೆ ಆಯಿತು. ಈ ಯಂತ್ರದಲ್ಲಿ ಅತ್ಯಂತ ಕಡಿಮೆ ಬಳಕೆಯಾಗುವ, ಅತ್ಯಂತ ಉಪಯೋಗಕ್ಕೆ ಬರುವ ಸೌಲಭ್ಯ ಇದು.

ನುಡಿಯಲ್ಲಿ ಟೈಪಾದ ನೋಟ್ಸ್

ಕೋಚಿಂಗ್ ನೋಟ್ಸ್‌ಗಳ ಕಥೆ ಬೇರೆ. ಅವುಗಳಲ್ಲಿ ಬಹಳಷ್ಟು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪಾದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗಕ್ಕೆ ಕನ್ನಡದ ವೇಷ. ಇಂಥ ಪಿಡಿಎಫ್ ಅನ್ನು ಕಿಂಡಲ್ ರೂಪಕ್ಕೆ ಪರಿವರ್ತಿಸಲು ಹೇಳಿದರೆ ವೇಷ ಕಳಚುತ್ತದೆ. 'ಕನ್ನಡ' ಇದ್ದ ಜಾಗದಲ್ಲಿ ಒಂದು ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಬೀಟಾದಂಥದ್ದೊಂದು, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ ಬಂದು ಕೂರುತ್ತವೆ. ಕಿಂಡಲ್ ಕೆಟ್ಟಿಲ್ಲ, ಫೈಲಿನಲ್ಲಿ ಇದ್ದದ್ದೇ ಅದು.

ಆಸ್ಕಿ ಎನ್ನುವ ಈ ಹಳೆಯ ಪದ್ಧತಿಯಿಂದ, ಕನ್ನಡಕ್ಕೆ ತನ್ನದೇ ಜಾಗವಿರುವ ಯುನಿಕೋಡ್‌ಗೆ ಬದಲಿಸುವ ಉಚಿತ ಕನ್ನಡ ಪರಿವರ್ತಕಗಳಿವೆ. ಪಠ್ಯ ಕಾಪಿ ಮಾಡಿ ಅಂಟಿಸಿ ಬದಲಿಸಿ, ವರ್ಡ್ ಫೈಲಾಗಿ ಉಳಿಸಿ ಕಳಿಸಿದರೆ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು. ಆದರೆ ಒಂದು ಗುಂಡಿ ಇದೆ. ನುಡಿ ಪಠ್ಯದ ನಡುವೆ ನಿಜವಾದ ಇಂಗ್ಲಿಷ್ ಅಕ್ಷರ ಬಂದರೆ ಪರಿವರ್ತಕಕ್ಕೆ ಅದು ಗೊತ್ತಾಗುವುದಿಲ್ಲ, ಅದನ್ನೂ ಕನ್ನಡ ಮಾಡಿಬಿಡುತ್ತದೆ. ನುಡಿಯಲ್ಲಿ ಇಂಗ್ಲಿಷ್ ದೊಡ್ಡಕ್ಷರ ಜೆ ಇರುವ ಜಾಗ ಕನ್ನಡದ 'ಎ' ಅಕ್ಷರದ್ದು. ಹಾಗಾಗಿ ಕಲ್ಯಾಣ ಕರ್ನಾಟಕದ 371(ಜೆ) ವಿಧಿ ಇಂಗ್ಲಿಷ್ ಅಕ್ಷರದಲ್ಲಿ ಟೈಪಾಗಿದ್ದರೆ ಪರಿವರ್ತನೆಯಾದ ಮೇಲೆ 371(ಎ) ಆಗಿ ಕೂರುತ್ತದೆ. ಅದು ನಾಗಾಲ್ಯಾಂಡಿನ ವಿಧಿ. ಪರೀಕ್ಷೆಗೆ ಓದುವವರು ಆವರಣದೊಳಗಿನ ಅಕ್ಷರ, ಸಂಕ್ಷೇಪಾಕ್ಷರ, ರಾಸಾಯನಿಕ ಸೂತ್ರ ಇವಿಷ್ಟನ್ನಾದರೂ ಮೂಲದ ಜೊತೆ ತಾಳೆ ನೋಡಲೇಬೇಕು.

ಫೋನಿನಲ್ಲಿ ಸ್ಕ್ಯಾನ್ ಮಾಡಿದ ನೋಟ್ಸ್ ಆದರೆ ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಾದ ಕನ್ನಡವನ್ನು ಸಾಕಷ್ಟು ಚೆನ್ನಾಗಿಯೇ ಪಠ್ಯ ಮಾಡಿಕೊಡುತ್ತದೆ. ಕೋಷ್ಟಕಗಳು ಮಾತ್ರ ಚೆಲ್ಲಾಪಿಲ್ಲಿ.

ಪಿಡಿಎಫ್‌ನ ಲೆಕ್ಕ

ಪರಿವರ್ತಿಸದೆ ಪಿಡಿಎಫ್ ಅನ್ನು ಹಾಗೇ ಓದುತ್ತೇನೆ ಅನ್ನುವವರು ಸ್ಕೇಲು ಹಿಡಿದು ಕೂರಬೇಕು. ಈ ಪರದೆಯ ಅಗಲ ಸುಮಾರು 107 ಮಿಲಿಮೀಟರ್, ಎತ್ತರ 142. ಎ4 ಹಾಳೆ 210ಕ್ಕೆ 297. ಇಡೀ ಪುಟ ತುರುಕಿದರೆ 12 ಪಾಯಿಂಟಿನ ಅಕ್ಷರ 6ರ ಒಳಗಿಳಿಯುತ್ತದೆ, ಔಷಧಿ ಡಬ್ಬದೊಳಗಿನ ಚೀಟಿಯ ಹಾಗೆ. ಯಂತ್ರವನ್ನು ಅಡ್ಡ ತಿರುಗಿಸಿದರೆ 8 ಪಾಯಿಂಟ್. ಎರಡೂ ಪಕ್ಕದ 25 ಮಿಲಿಮೀಟರ್ ಖಾಲಿ ಅಂಚನ್ನು ಮೊದಲೇ ಕತ್ತರಿಸಿ ಅಡ್ಡ ಓದಿದರೆ ಹತ್ತಿರಹತ್ತಿರ ಹತ್ತೂವರೆ. ಅಷ್ಟಾದರೆ ಓದಬಹುದು.

ಕನ್ನಡ ಪುಸ್ತಕಗಳ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿದೆ. ನಮ್ಮ ಕಾದಂಬರಿ, ಕಥೆ, ಪ್ರಬಂಧಗಳೆಲ್ಲ ಹೆಚ್ಚಾಗಿ ಡೆಮಿ 1/8, ಅಂದರೆ ಐದೂವರೆಗೆ ಎಂಟೂವರೆ ಇಂಚು. ಅದರಲ್ಲಿ ಅಚ್ಚಾದ ಭಾಗದ ಅಗಲ ನಾಲ್ಕು, ನಾಲ್ಕೂಕಾಲು ಇಂಚು. ಪರದೆಯ ಅಗಲವೂ ನಾಲ್ಕೂಕಾಲು ಇಂಚಿನ ಆಸುಪಾಸು. ಅಂಚು ಕತ್ತರಿಸಿದ ಡೆಮಿ ಪುಸ್ತಕ ಅಗಲಕ್ಕೆ ಸರಿಹೊಂದಿಸಿದಾಗ ಅಚ್ಚಿನ ಗಾತ್ರದಲ್ಲೇ ಕಾಣುತ್ತದೆ. ಉದ್ದ ಮಾತ್ರ ಒಂದು ಪರದೆಗೆ ಸಾಲುವುದಿಲ್ಲ, ಒಂದೂಕಾಲು ಪರದೆ ಬೇಕು. ಇಡೀ ಪುಟ ಒಮ್ಮೆಗೇ ಬೇಕೆಂದರೆ ಅಕ್ಷರ ನೂರಕ್ಕೆ ಎಂಬತ್ತಕ್ಕೆ ಇಳಿಯುತ್ತದೆ. ಚೆನ್ನಾಗಿ ಸ್ಕ್ಯಾನ್ ಆದ ಪುಸ್ತಕಕ್ಕೆ ಇದು ಸಹಿಸಿಕೊಳ್ಳುವಂಥದ್ದೇ. 6 ಇಂಚಿನ ಕಿಂಡಲ್ ಬದಲು ಇದನ್ನು ಕೊಳ್ಳಲು ಇದೊಂದು ಕಾರಣ ಸಾಕು.

ಅಂಚು ಕತ್ತರಿಸಲು ಬ್ರಿಸ್ ಎಂಬ ಉಚಿತ ತಂತ್ರಾಂಶ ಸಾಕು. ಅದು ಸಮ, ಬೆಸ ಪುಟಗಳನ್ನು ಬೇರೆ ಬೇರೆಯಾಗಿ ಒಂದರ ಮೇಲೊಂದು ಹಾಸಿ ತೋರಿಸುತ್ತದೆ. ಚೌಕ ಎಳೆಯುವಾಗ ಕೆಳಗಿನ ಸಾಲಿನ ಒತ್ತಕ್ಷರಕ್ಕೆ ಜಾಗ ಬಿಡಿ, ಪುಟಸಂಖ್ಯೆಯನ್ನು ಬೇಕಾದರೆ ಹೊರಗೆ ಬಿಡಿ. ಕೆ2ಪಿಡಿಎಫ್‌ಆಪ್ಟ್ ಇನ್ನೂ ಶಕ್ತಿಶಾಲಿ, ಚಿತ್ರದ ಅಕ್ಷರಗಳನ್ನೇ ತುಂಡು ಮಾಡಿ ಹೊಸ ಸಾಲು ಜೋಡಿಸುತ್ತದೆ. ಕನ್ನಡಕ್ಕೆ ಆ ವಿಧಾನ ನಂಬುವಂತಿಲ್ಲ. ಸಾಲಿನ ಕೆಳಗೆ ಸ್ವಲ್ಪ ಬಿಳಿ ಬಿಟ್ಟು ನಿಂತ ಒತ್ತಕ್ಷರವನ್ನು ಅದು ಬೇರೆಯೇ ಸಾಲೆಂದು ತಿಳಿದು ಕತ್ತರಿಸುವುದುಂಟು. ಅಮ್ಮನ ಮ ಒತ್ತು ಹೋಗಿ ಇನ್ನೆಲ್ಲೋ ಬೀಳುತ್ತದೆ. ಅಗಲಕ್ಕೆ ಹೊಂದಿಸುವ ಕ್ರಮವನ್ನಷ್ಟೇ ಬಳಸಿ.

ಇಂಟರ್ನೆಟ್ ಆರ್ಕೈವ್‌ನ ಹಳೆಯ ಪುಸ್ತಕಗಳು ಪುಟಕ್ಕೆ ನಾಲ್ಕೈದು ಸೆಕೆಂಡು ತಿನ್ನುತ್ತಿದ್ದರೆ ಆಶ್ಚರ್ಯವಿಲ್ಲ. ಅಲ್ಲಿನ ಪಿಡಿಎಫ್‌ಗಳಲ್ಲಿ ಹಿನ್ನೆಲೆ ಒಂದು ಪದರ, ಅಕ್ಷರ ಇನ್ನೊಂದು ಪದರ. ಅವನ್ನು ಬಿಚ್ಚಿ ಜೋಡಿಸುವ ಕೆಲಸ ಇ-ರೀಡರ್‌ನ ಪುಟ್ಟ ಪ್ರೊಸೆಸರ್‌ಗೆ ಭಾರ. ಕಂಪ್ಯೂಟರಿನಲ್ಲಿ ಒಮ್ಮೆ ಸರಳ ಬೂದು ಚಿತ್ರಗಳ ಪಿಡಿಎಫ್ ಮಾಡಿ ಹಾಕಿದರೆ ಚುರುಕಾಗುತ್ತದೆ. ಅಲ್ಲಿ ತಾನಾಗಿ ತಯಾರಾದ ಕನ್ನಡ ಇಪಬ್ ಇದ್ದರೆ ಮೊದಲ ಎರಡು ಪುಟ ನೋಡಿ ನಂತರ ಇಳಿಸಿ. ವಿಕಿಸೋರ್ಸ್‌ನ ಕನ್ನಡ ಪುಟಗಳಿಂದ ಇಳಿಯುವ ಇಪಬ್ ಜನ ಕೂತು ಟೈಪಿಸಿ ತಿದ್ದಿದ್ದು, ಅದರ ದರ್ಜೆಯೇ ಬೇರೆ.

ಕಳಿಸುವುದು

ಸೆಂಡ್ ಟು ಕಿಂಡಲ್‌ಗೆ ಮುಖ್ಯವಾಗಿ ಮೂರು ದಾರಿ: ಇಮೇಲ್, ವೆಬ್, ಫೋನಿನ ಕಿಂಡಲ್ ಆ್ಯಪ್. ಇಮೇಲಿಗೆ 50 ಎಂಬಿ ಮಿತಿ, ವೆಬ್‌ಗೆ 200. ಇಮೇಲ್ ಬಳಸುವವರು ತಮ್ಮ ವಿಳಾಸವನ್ನು ಅಮೆಜಾನ್ ಖಾತೆಯ ಅನುಮೋದಿತ ಪಟ್ಟಿಗೆ ಸೇರಿಸಿರಬೇಕು, ಇಲ್ಲದಿದ್ದರೆ ಫೈಲು ಒಳಗೆ ಬರುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿಗಳಿಗೆ ಫೋನಿನ ಶೇರ್ ಬಟನ್ನೇ ಸಲೀಸು: ವಾಟ್ಸಾಪ್‌ನಲ್ಲಿ ಬಂದ ಫೈಲನ್ನು ಕಿಂಡಲ್ ಆ್ಯಪ್‌ಗೆ ಶೇರ್ ಮಾಡಿ, ಯಂತ್ರದ ವೈಫೈ ಹಾಕಿ, ಐದು ನಿಮಿಷ ಬಿಡಿ.

ಕನ್ನಡ ಇಪಬ್ ಮಾತ್ರ ವಾಪಸ್ ಬಂದು, ಅದೇ ವಿಳಾಸದಿಂದ ಕಳಿಸಿದ ಇಂಗ್ಲಿಷಿನದು ಸರಾಗವಾಗಿ ಹೋದರೆ, ಕ್ಯಾಲಿಬರ್‌ನಲ್ಲಿ ಆ ಪುಸ್ತಕದ ಭಾಷೆಯ ಜಾಗ ನೋಡಿ. ಅಲ್ಲಿ ಕನ್ನಡ ಅಂತಿದ್ದರೆ ಇಂಗ್ಲಿಷ್ ಅಂತ ಬದಲಿಸಿ, ಇಪಬ್‌ನಿಂದ ಇಪಬ್‌ಗೇ ಒಮ್ಮೆ ಪರಿವರ್ತಿಸಿ ಕಳಿಸಿ. ಸುಳ್ಳು ಹೇಳಿದ್ದಕ್ಕೆ ಸಣ್ಣ ದಂಡವಿದೆ: ಯಾವುದೇ ಕನ್ನಡ ಪದ ಒತ್ತಿ ಹಿಡಿದರೂ ಇಂಗ್ಲಿಷ್ ನಿಘಂಟು ತೆರೆದುಕೊಂಡು ಏನೂ ಸಿಗಲಿಲ್ಲ ಅನ್ನುತ್ತದೆ.

ಹೀಗೆ ಕಳಿಸಿದ ಪುಸ್ತಕ ಫೋನಿನಲ್ಲೂ ಇರುತ್ತದೆ, ಎಲ್ಲಿಗೆ ನಿಲ್ಲಿಸಿದಿರೋ ಅದೂ ನೆನಪಿರುತ್ತದೆ. ಕೇಬಲ್ಲಿನಿಂದ ಹಾಕಿದ್ದಕ್ಕೆ ಆ ಭಾಗ್ಯವಿಲ್ಲ, ಅದು ಆ ಯಂತ್ರಕ್ಕಷ್ಟೇ ಸೀಮಿತ.

ರೈಲಿನ ಲೆಕ್ಕ, ಬೆಳಕು

ಕಂಪನಿ ಹೇಳುವ 12 ವಾರದ ಬ್ಯಾಟರಿ ದಿನಕ್ಕೆ ಅರ್ಧ ಗಂಟೆ, ವೈರ್‌ಲೆಸ್ ಬಂದ್, ಬೆಳಕು 13ರಲ್ಲಿ ಎಂಬ ಲೆಕ್ಕದ್ದು. ಕೂಡಿದರೆ 42 ಗಂಟೆ. ಬೆಂಗಳೂರಿಗೆ ಹೋಗಿ ಬರುವುದರಲ್ಲಿ ದಿನಕ್ಕೆ ಮೂರು ಗಂಟೆ ಓದಿದರೆ 14 ದಿನ. ಭಾರದ ಪಿಡಿಎಫ್ ಓದಿದರೆ ಇನ್ನೂ ಕಡಿಮೆ. ಕ್ಯಾತ್ಸಂದ್ರ ದಾಟುವ ಹೊತ್ತಿಗೇ ಏರ್‌ಪ್ಲೇನ್ ಮೋಡ್ ಹಾಕಿಬಿಡುವುದು ಒಳ್ಳೆಯ ಅಭ್ಯಾಸ.

ಬೆಳಕು ಮತ್ತು ಹಳದಿ ಛಾಯೆ ಎರಡಕ್ಕೂ 0ಯಿಂದ 24ರ ಮಾಪಕ. ಹಳದಿಗೆ ಸಮಯ ನಿಗದಿ ಮಾಡಬಹುದು. ಹಗಲು ಕಿಟಕಿ ಪಕ್ಕ ಬೆಳಕೇ ಬೇಡ. ಮಬ್ಬಾದ ಹಳೇ ಸ್ಕ್ಯಾನ್‌ಗೆ ಮಾತ್ರ ಹಳದಿ ಕಡಿಮೆ ಇಡಿ. ಕಾಗದದ ಬೂದುಬಣ್ಣದ ಮೇಲೆ ಹಳದಿ ಸೇರಿದರೆ ಅಕ್ಷರ ಇನ್ನಷ್ಟು ಮಸುಕು.

ನಿಘಂಟು, ಗುರುತು, ಹುಡುಕಾಟ

ವರ್ಡ್ ವೈಸ್, ವೊಕ್ಯಾಬುಲರಿ ಬಿಲ್ಡರ್ ಎರಡೂ ಇಂಗ್ಲಿಷ್ ಓದಿಗೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪತ್ರಿಕೆಗೆ ತಯಾರಾಗುವವರಿಗೆ ಇವು ಚಿನ್ನ. ಮೊದಲನೆಯದು ಕಷ್ಟದ ಪದದ ನೆತ್ತಿಯ ಮೇಲೆ ಸರಳ ಅರ್ಥ ಕೂರಿಸುತ್ತದೆ, ಎರಡನೆಯದು ನೀವು ಹುಡುಕಿದ ಪದಗಳನ್ನೆಲ್ಲ ಕೂಡಿಟ್ಟು ಚೀಟಿಗಳ ಹಾಗೆ ಕೇಳುತ್ತದೆ. ಕನ್ನಡ ಓದಿಗೆ ಇವುಗಳಿಂದ ಏನೂ ಇಲ್ಲ. ಓದಿ ಹೇಳುವ ಧ್ವನಿಯೂ ಕನ್ನಡಕ್ಕಿಲ್ಲ, ಅದಕ್ಕೆ ಫೋನೇ ಸರಿ.

ಕೀಬೋರ್ಡಿನಲ್ಲಿ ಕನ್ನಡವಿಲ್ಲ. ಹಾಗಾಗಿ ಟಿಪ್ಪಣಿ ಕಂಗ್ಲಿಷಿನಲ್ಲಿ, ಹುಡುಕಾಟವೂ ಕಷ್ಟ. ಹುಡುಕಬೇಕಾದ ಪದ ಪುಟದಲ್ಲಿ ಒಮ್ಮೆ ಕಣ್ಣಿಗೆ ಬಿದ್ದರೆ ಅದನ್ನು ಒತ್ತಿ ಹಿಡಿದು ಆರಿಸಿ, ಬರುವ ಮೆನುವಿನಿಂದಲೇ ಹುಡುಕಿಸುವುದು ಒಂದು ಉಪಾಯ. ಆಗಲೂ 'ಮನೆ' ಕೇಳಿದರೆ 'ಮನೆಗೆ' ಸಿಕ್ಕೀತು, 'ಮರ' ಕೇಳಿ 'ಹೆಮ್ಮರ' ಸಿಗಬೇಕೆಂದು ಕಾಯಬೇಡಿ.

ಕನ್ನಡ ನಿಘಂಟು ಬೇಕೇ ಬೇಕು ಅನ್ನುವವರ ದಾರಿ ಕೆಒರೀಡರ್ ಎಂಬ ಉಚಿತ ಓದುವ ತಂತ್ರಾಂಶ. ಕೋಬೊ, ಆ್ಯಂಡ್ರಾಯ್ಡ್ ರೀಡರ್‌ಗಳಿಗೆ ಅದನ್ನು ನೇರ ಹಾಕಬಹುದು. ಕಿಂಡಲ್‌ಗೆ ಜೈಲ್‌ಬ್ರೇಕ್, ಅಂದರೆ ಕಂಪನಿ ಹಾಕಿದ ಬೀಗ ಮುರಿಯುವುದು, ಬೇಕು, ಅದು ಆಗುತ್ತದೋ ಇಲ್ಲವೋ ಯಂತ್ರದ ಫರ್ಮ್‌ವೇರ್ ಆವೃತ್ತಿಯ ಮೇಲೆ ನಿಂತಿದೆ, ವಾರಂಟಿಯ ಆಸೆಯನ್ನೂ ಬಿಡಬೇಕು. ಹೊಸ ಕಿಂಡಲ್ ಮೇಲೆ ಮೊದಲ ವರ್ಷ ಈ ಸಾಹಸ ಬೇಡ. ಹಾಕಿಕೊಂಡವರಿಗೆ ಸಿಗುವ ಸುಖ ಮಾತ್ರ ಸಣ್ಣದಲ್ಲ: ಅಂಚನ್ನು ಅಲ್ಲೇ ಕತ್ತರಿಸಬಹುದು, ಸ್ಟಾರ್‌ಡಿಕ್ಟ್ ರೂಪದ ಯಾವ ನಿಘಂಟನ್ನಾದರೂ ಸೇರಿಸಬಹುದು. ವಿ. ಕೃಷ್ಣ ಅವರ ಅಲರ್ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, ದತ್ತಾಂಶ ಮುಕ್ತ ಪರವಾನಗಿಯದು. ಅಡ್ಡಿ ಒಂದೇ, ವಿಭಕ್ತಿ. 'ಹೊಲಗಳಲ್ಲಿ' ಒತ್ತಿದರೆ ನಿಘಂಟಿಗೆ ಗೊತ್ತಿರುವುದು 'ಹೊಲ' ಮಾತ್ರ; ಬಾಲ ಅಳಿಸಿ ಮತ್ತೆ ಕೇಳಬೇಕು. ಕೆಒರೀಡರ್‌ನಲ್ಲಿ ಕನ್ನಡ ಒತ್ತುಗಳು ಒಡೆದು ಕಂಡರೆ ಕೆಳ ಮೆನುವಿನಲ್ಲಿ ಕರ್ನಿಂಗ್ ಅನ್ನು 'ಬೆಸ್ಟ್'ಗೆ ಇಡಿ, ಉಳಿದವು ಕನ್ನಡಕ್ಕೆ ಸಾಲವು.

ಗೆರೆ ಎಳೆದ ಸಾಲುಗಳೆಲ್ಲ ಡಾಕ್ಯುಮೆಂಟ್ಸ್ ಫೋಲ್ಡರ್‌ನ 'ಮೈ ಕ್ಲಿಪಿಂಗ್ಸ್' ಎಂಬ ಸಾದಾ ಪಠ್ಯದ ಫೈಲಿಗೆ ಸೇರುತ್ತವೆ. ಯುನಿಕೋಡ್ ಪುಸ್ತಕವಾದರೆ ಕನ್ನಡ ಶುದ್ಧವಾಗಿ ಬರುತ್ತದೆ, ನುಡಿಯ ಪಿಡಿಎಫ್ ಆದರೆ ಮತ್ತದೇ ಪಿ, ಎ, ಪೌಂಡ್. ಗೆರೆಯನ್ನು ಉದ್ದ ಮಾಡಿದರೆ ಹಳೆಯದು ಹೋಗದೆ ಹೊಸದೊಂದು ಸೇರುತ್ತದೆ, ಯಂತ್ರದಲ್ಲಿ ಅಳಿಸಿದ್ದೂ ಈ ಫೈಲಿನಲ್ಲಿ ಉಳಿದೇ ಇರುತ್ತದೆ. ತಿಂಗಳಿಗೊಮ್ಮೆ ಕಂಪ್ಯೂಟರಿಗೆ ನಕಲು ಮಾಡಿಡಿ. ಯಂತ್ರ ರೀಸೆಟ್ ಮಾಡಿದರೆ ಇದೂ ಅದರ ಜೊತೆಗೇ ಹೋಗುತ್ತದೆ.

ನಕಲು ಮಾಡಲು ಕೂತಾಗ ಕಂಪ್ಯೂಟರ್ ಯಂತ್ರವನ್ನೇ ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಬಿ.ಎಚ್. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಟೈಪ್-ಸಿ ಕೇಬಲ್ ಕೇಳುವಾಗ 'ಡೇಟಾ ಹೋಗುತ್ತಾ' ಅಂತ ಕೇಳಿಯೇ ತನ್ನಿ. ಬರೀ ಚಾರ್ಜಿನ ಕೇಬಲ್‌ಗಳೂ ನೋಡಲು ಹಾಗೇ ಇರುತ್ತವೆ. ಈ ಮಾದರಿ ಪೆನ್‌ಡ್ರೈವ್‌ನಂತೆ ತೆರೆಯದೆ ಫೋನಿನಂತೆ ಎಂಟಿಪಿ ಎಂಬ ಕ್ರಮದಲ್ಲಿ ತೆರೆಯುತ್ತದೆ. ವಿಂಡೋಸ್‌ನಲ್ಲಿ ತೊಂದರೆಯಿಲ್ಲ, ಮ್ಯಾಕ್‌ಗೆ ಬೇರೆ ಆ್ಯಪ್ ಬೇಕು. ಕ್ಯಾಲಿಬರ್ ತೆರೆದಿದ್ದರೆ ಅದನ್ನು ಮುಚ್ಚಿ ನೋಡಿ, ಇಬ್ಬರು ಒಟ್ಟಿಗೆ ಒಳಗೆ ಹೋಗಲು ಎಂಟಿಪಿ ಬಿಡುವುದಿಲ್ಲ.